ದನದ ದವಾಖಾನೆಯಲ್ಲಿ ಈಗ ನಾಯಿ, ಬೆಕ್ಕಿನ ಪಾಳಿ

ಸೊಲ್ಲಾಪುರ/ಅಕ್ಕಲಕೋಟ: ಅಕ್ಕಲಕೋಟ ಸೀಮೆಯ ಬಹಳಷ್ಟು ಮನೆಗಳ ಪಡಸಾಲೆಯಲ್ಲಿ ದತ್ತಾತ್ರೇಯನ ಪಟ ತೂಗುತ್ತದೆ. ದೇವರ ಹಿಂದೆ ಒಂದು ಆಕಳು, ಕಾಲ ಬಳಿ ನಾಲ್ಕು ನಾಯಿ. ಸ್ವಾಮಿ ಸಮರ್ಥರನ್ನು ದತ್ತನ ಅವತಾರವೆಂದೇ ನಂಬುವ ಊರು ಇದು. ಗಡಿ ದಾಟಿ ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಹೋದರೂ ಅದೇ ದತ್ತ, ಅದೇ ನಾಯಿಗಳು. ಇತ್ತ ಸೊಲ್ಲಾಪುರಕ್ಕೆ ಹೊಂದಿಕೊಂಡ ಬಾಳೆಯ ಖಂಡೋಬಾ ಕನ್ನಡಿಗರ ಪಾಲಿಗೆ ಮೈಲಾರಲಿಂಗ. ಅವನಿಗೂ ನಾಯಿಯೇ ಸಂಗಾತಿ.

ಪಟದೊಳಗಿನ ನಾಯಿಗೆ ಕುಂಕುಮ ಹಚ್ಚಿದ ಕೈಯೇ ಬಾಗಿಲಲ್ಲಿ ಮಲಗಿದ ನಾಯಿಗೆ ರೊಟ್ಟಿ ಚೂರು ಹಾಕುತ್ತದೆ. ಆದರೆ ‘ಇದಕ್ಕ ಹುಚ್ಚುನಾಯಿ ರೋಗದ ಸೂಜಿ ಮಾಡಿಸೀರೇನ್ರಿ?’ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಇದು ಮನೀದೇ ನಾಯಿ ಅಲ್ಲೇನ್ರಿ, ಇದಕ್ಕ ಯಾಕ ಸೂಜಿ?’

ಈ ಮಾತಿನಲ್ಲಿಯೇ ದೊಡ್ಡ ಅಪಾಯ ಅಡಗಿದೆ. ಏಕೆಂದರೆ ಆ ನಾಯಿಯ ಕೂಡ ದಿನವಿಡೀ ಆಡುವವರು ಮನೆಯ ಮಕ್ಕಳು.

ಕಟ್ಟಿದ್ದು ದನಕ್ಕೆ

ಮಹಾರಾಷ್ಟ್ರದ ಹಳ್ಳಿಗಳಲ್ಲಿ ಜಿಲ್ಲಾ ಪರಿಷತ್ತು ನಡೆಸುವ ಪಶು ಚಿಕಿತ್ಸಾಲಯದ ಫಲಕದ ಮೇಲೆ ‘ಪಶುವೈದ್ಯಕೀಯ ದವಾಖಾನಾ’ ಎಂದು ಮರಾಠಿಯಲ್ಲಿ ಬರೆದಿರುತ್ತದೆ. ಕನ್ನಡ ಮಂದಿಯ ಬಾಯಲ್ಲಿ ಅದು ಸೀದಾ ‘ದನದ ದವಾಖಾನಿ’. ಹೆಸರು ತಪ್ಪಲ್ಲ. ಎತ್ತು, ಎಮ್ಮೆ, ಆಡು, ಕುರಿಗಳ ಸಲುವಾಗಿಯೇ ಕಟ್ಟಿದ್ದು ಅದು. ಅಂಗಳದಲ್ಲಿ ದನ ನಿಲ್ಲಿಸಿ ಕಟ್ಟುವ ಕಬ್ಬಿಣದ ಚೌಕಟ್ಟು, ಗೋಡೆಯ ಮೇಲೆ ಕಾಲುಬಾಯಿ ಬೇನೆ ಮತ್ತು ಗಂಟಲು ಬೇನೆಯ ತಿಳಿವಳಿಕೆ ಚಿತ್ರ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ಖಿಲಾರಿ ಎತ್ತು ಹೊಡೆದುಕೊಂಡು ಬರುವ ನಾಡು ಇದು. ಇಲ್ಲಿ ದನವೇ ಮೊದಲು, ಅದು ಸಹಜ. 2022ರಲ್ಲಿ ಲಂಪಿ ಚರ್ಮಗಂಟು ರೋಗ ಮಹಾರಾಷ್ಟ್ರದ ತುಂಬ ಹಬ್ಬಿದಾಗ ಪಶುವೈದ್ಯಕೀಯ ಸಿಬ್ಬಂದಿ ಊರೂರು ತಿರುಗಿ ದನಗಳಿಗೆ ಲಸಿಕೆ ಹಾಕಬೇಕಾಯಿತು. ಅಂಥ ಹೊತ್ತಿನಲ್ಲಿ ನಾಯಿಮರಿ ಎತ್ತಿಕೊಂಡು ಬಂದವರು ಕಾಯಬೇಕಾಗುವುದು ಆಶ್ಚರ್ಯವೇನಲ್ಲ.

ಈಗ ಕಾಲ ಬದಲಾಗಿದೆ. ಟ್ರ್ಯಾಕ್ಟರ್ ಬಂದು ಎತ್ತು ಕಡಿಮೆಯಾದ ಮನೆಯಲ್ಲಿಯೂ ನಾಯಿ ಇದೆ. ನೂಲು, ಕಾಳು ಇರುವ ಮನೆಗೆ ಇಲಿ ಬಂತು, ಇಲಿಯ ಬೆನ್ನು ಹತ್ತಿ ಬೆಕ್ಕು ಬಂತು. ಸೊಲ್ಲಾಪುರ ಪೇಟೆಯಲ್ಲಂತೂ ಅಪಾರ್ಟ್‌ಮೆಂಟಿನ ಮೂರನೇ ಮಾಳಿಗೆಯಲ್ಲಿಯೂ ಲ್ಯಾಬ್ರಡಾರ್ ಬೊಗಳುತ್ತದೆ. 2003ರ ಸುಮಾರಿಗೆ ಹಚ್ ಮೊಬೈಲ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿದ ಪಗ್ ನಾಯಿ ದೇಶದ ಎಷ್ಟೋ ಮನೆಗಳ ಬಾಗಿಲು ತಟ್ಟಿತು. ಬಿಸಿಲೂರು ಸೊಲ್ಲಾಪುರವನ್ನೂ ಅದು ಬಿಡಲಿಲ್ಲ.

ಹಾಗಾದರೆ ಊರ ದವಾಖಾನೆಯಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ? ಇದು ಗೊತ್ತಿದ್ದರೆ ಅರ್ಧ ಓಡಾಟ ಉಳಿಯುತ್ತದೆ. ಜಂತುಹುಳದ ಔಷಧ, ಗಾಯಕ್ಕೆ ಮಲಾಮು, ಜ್ವರ-ಜುಲಾಬಿಗೆ ಚಿಕಿತ್ಸೆ, ದಾಸ್ತಾನು ಇದ್ದರೆ ರೇಬೀಸ್ ಲಸಿಕೆ, ಇವು ಹಳ್ಳಿಯ ದವಾಖಾನೆಯಲ್ಲಿಯೇ ಆಗುವ ಕೆಲಸ. ಮುರಿದ ಕಾಲಿಗೆ ಎಕ್ಸ್‌ರೇ, ಹೊಟ್ಟೆಯ ಸೋನೋಗ್ರಫಿ, ರಕ್ತ ತಪಾಸಣೆ ಬೇಕಾದರೆ ಸೊಲ್ಲಾಪುರದ ದಾರಿ ಹಿಡಿಯಬೇಕು. ಅಕ್ಕಲಕೋಟದಿಂದ ಅದು ಸುಮಾರು 40 ಕಿಲೋಮೀಟರ್. ಮೈಂದರಗಿ, ದುಧನಿ ಕಡೆಯವರಿಗೆ ಇನ್ನೂ ದೂರ.

ಇನ್ನೊಂದು ಸಂಗತಿ. ಈ ದವಾಖಾನೆಗಳನ್ನು ಹಿಂದಿನಿಂದ ಎರಡು ಶ್ರೇಣಿಗಳಲ್ಲಿ ನಡೆಸಿಕೊಂಡು ಬರಲಾಗಿದೆ. ಒಂದನೇ ಶ್ರೇಣಿಯಲ್ಲಿ ಪದವೀಧರ ಪಶುವೈದ್ಯರು, ಎರಡನೇ ಶ್ರೇಣಿಯಲ್ಲಿ ಪಶುಧನ ಪರ್ಯವೇಕ್ಷಕರು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಪೂರ್ಣ ಚಿಕಿತ್ಸೆ ನೀಡುವ ಅಧಿಕಾರ ನೋಂದಾಯಿತ ಪಶುವೈದ್ಯರಿಗೆ ಮಾತ್ರ. ಉಳಿದವರು ಅವರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆ ಮಾಡಬಹುದು. ಆದ್ದರಿಂದ ಆಪರೇಷನ್ ಅಥವಾ ದೊಡ್ಡ ಬೇನೆ ಇದ್ದಾಗ ‘ಡಾಕ್ಟರ್ ಸಾಹೇಬ್ರು ಯಾವ ದಿನ ಇರ್ತಾರ್ರಿ?’ ಎಂದು ಮೊದಲೇ ಕೇಳಿಕೊಂಡು ಹೋಗುವುದು ಮೇಲು.

ಮೂಕ ಪ್ರಾಣಿ, ಎರಡು ಭಾಷೆ

ನಾಯಿ ಬಾಯಿಬಿಟ್ಟು ಹೇಳುವುದಿಲ್ಲ. ಅದರ ಪರವಾಗಿ ಮಾಲೀಕರೇ ಹೇಳಬೇಕು. ಗಡಿಭಾಗದಲ್ಲಿ ಇಲ್ಲಿಯೇ ಒಂದು ತೊಡಕು. ಮನೆಯಲ್ಲಿ ನಾಯಿಯ ಆರೈಕೆ ಮಾಡುವವಳು ಅವ್ವ ಅಥವಾ ಆಯಿ, ಅವಳಿಗೆ ಬರುವುದು ಕನ್ನಡ. ದವಾಖಾನೆಗೆ ಒಯ್ಯುವವನು ಹುಡುಗ, ಅವನಿಗೆ ಮರಾಠಿ ಬರುತ್ತದೆ. ಆದರೆ ನಾಯಿ ರಾತ್ರಿ ಎಷ್ಟು ಸಲ ವಾಂತಿ ಮಾಡಿತು, ಏನು ತಿಂದಿತ್ತು ಎಂಬುದು ಅವನಿಗೆ ಗೊತ್ತಿರುವುದಿಲ್ಲ.

ಸೊಲ್ಲಾಪುರದ ಪೇಟೆಯಲ್ಲಿ ಮರಾಠಿ, ಕನ್ನಡ, ತೆಲುಗು, ದಖ್ಖನಿ ಉರ್ದು ನಾಲ್ಕೂ ಓಡುವುದರಿಂದ ಮಾತು ಹೇಗೋ ನಡೆಯುತ್ತದೆ. ಜುಲಾಬು, ವಾಂತಿ ಎರಡೂ ಕಡೆ ಒಂದೇ. ಆದರೆ ನಮ್ಮ ‘ಉಣ್ಣಿ’ ಮರಾಠಿಯಲ್ಲಿ ‘ಗೋಚೀಡ’. ‘ಜಂತುಹುಳ’ಕ್ಕೆ ಅಲ್ಲಿ ‘ಜಂತ’. ‘ಜ್ವರ’ಕ್ಕೆ ‘ತಾಪ’, ‘ಲಸಿಕೆ’ಗೆ ‘ಲಸ’. ‘ಹುಚ್ಚುನಾಯಿ’ ಎಂದರೆ ‘ಪಿಸಾಳಲೇಲಾ ಕುತ್ರಾ’. ಮನುಷ್ಯರ ಸರ್ಕಾರಿ ಆಸ್ಪತ್ರೆಯಲ್ಲಿ ‘ಶ್ವಾನದಂಶ’ ಎಂಬ ಫಲಕ ಕಂಡರೆ ಅದು ನಾಯಿ ಕಚ್ಚಿದವರ ವಿಭಾಗ. ಮಗುವಿನ ಕಾಲಲ್ಲಿ ರಕ್ತ ಸೋರುವಾಗ ಫಲಕ ಓದಲು ಬಾರದೆ ಓಣಿ ಓಣಿ ತಿರುಗುವಂತಾಗಬಾರದು.

ನಾಯಿಯ ಆರೈಕೆ ಮಾಡುವವರೇ ಸಂಗಡ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಊಟ ಯಾವಾಗ ಬಿಟ್ಟಿತು, ಎಷ್ಟು ಸಲ ವಾಂತಿ, ಸಂಡಾಸಿನಲ್ಲಿ ರಕ್ತ ಇತ್ತೇ, ಮನೆಯಲ್ಲಿ ಇಲಿ ಪಾಷಾಣ ಇಟ್ಟಿದ್ದರೇ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಡಬೇಕು. ನುಂಗಿದ ಗುಳಿಗೆಯ ಪಾಕೀಟು ಸಿಕ್ಕರೆ ಅದನ್ನೂ ಒಯ್ಯಬೇಕು.

ಮರಿ ತಂದ ಎಂಟೇ ದಿನಕ್ಕೆ

ನಾಯಿಮರಿ ತಂದವರ ಮನೆಯ ದೊಡ್ಡ ಶತ್ರು ಪಾರ್ವೊ. 1978ರ ಸುಮಾರಿಗೆ ಜಗತ್ತಿನಲ್ಲಿ ಮೊದಲು ಕಂಡ ಈ ವೈರಸ್ ಈಗ ಎಲ್ಲ ಊರಿನ ಮಣ್ಣಿನಲ್ಲಿದೆ. ಒಂದೂವರೆ ತಿಂಗಳಿಂದ ಆರು ತಿಂಗಳೊಳಗಿನ ಮರಿಗಳಿಗೆ ಹೆಚ್ಚು. ಮೊದಲ ದಿನ ಮಂಕಾಗಿ ಮೂಲೆ ಸೇರುತ್ತದೆ, ಮರುದಿನ ವಾಂತಿ, ಆಮೇಲೆ ನಾತ ಹೊಡೆಯುವ ರಕ್ತದ ಜುಲಾಬು. ‘ದೃಷ್ಟಿ ಆಗೇದ’ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸುವುದರಲ್ಲಿ ಒಂದು ದಿನ ಹೋದರೆ ಮರಿ ಕೈಗೆ ಸಿಗುವುದಿಲ್ಲ. ಈ ವೈರಸ್ಸನ್ನು ನೇರವಾಗಿ ಕೊಲ್ಲಲು ದವಾಖಾನೆಗಳಲ್ಲಿ ಸುಲಭಕ್ಕೆ ಸಿಗುವ ಔಷಧವಿಲ್ಲ. ನಾಲ್ಕೈದು ದಿನ ಸಲಾಯಿನ್ ಏರಿಸಿ, ವಾಂತಿ ನಿಲ್ಲಿಸಿ, ಜೀವ ಹಿಡಿದಿಡುವುದೇ ಚಿಕಿತ್ಸೆ. ಕಷ್ಟವೂ ಹೆಚ್ಚು, ಖರ್ಚೂ ಹೆಚ್ಚು. ಲಸಿಕೆಯ ಖರ್ಚು ಅದರ ಮುಂದೆ ಏನೂ ಅಲ್ಲ.

ಆರರಿಂದ ಎಂಟು ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಮುಂತಾದ ರೋಗಗಳ ಕೂಡು ಲಸಿಕೆಯ ಮೊದಲ ಸೂಜಿ. ಅನಂತರ ಮೂರು-ನಾಲ್ಕು ವಾರಕ್ಕೊಮ್ಮೆ, ಮರಿಗೆ ನಾಲ್ಕು ತಿಂಗಳು ತುಂಬುವವರೆಗೆ ಮತ್ತೆ ಮತ್ತೆ. ಒಂದೇ ಸೂಜಿ ಮಾಡಿಸಿ ‘ಆತು’ ಎಂದು ಕೈ ತೊಳೆದುಕೊಳ್ಳುವವರೇ ಹೆಚ್ಚು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮೈಯಲ್ಲಿ ಇರುವತನಕ ಲಸಿಕೆ ಸರಿಯಾಗಿ ಹತ್ತುವುದಿಲ್ಲ, ಅದಕ್ಕೇ ಪದೇ ಪದೇ ಹಾಕಬೇಕು. ಪಾರ್ವೊದಿಂದ ಒಂದು ಮರಿ ಸತ್ತ ಅಂಗಳಕ್ಕೆ ತಿಂಗಳೊಳಗೆ ಇನ್ನೊಂದು ಮರಿ ತಂದರೆ ಅದೂ ಉಳಿಯುವುದು ಕಷ್ಟ. ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ.

ಡಿಸ್ಟೆಂಪರ್ ಬಗ್ಗೆ ಹೇಳಬೇಕಾದದ್ದು ಒಂದೇ. ಸೊಲ್ಲಾಪುರದ ಉತ್ತರಕ್ಕೆ ನಾನ್ನಜದ ಹುಲ್ಲುಗಾವಲಿದೆ. 1979ರಲ್ಲಿ ಎರ್ಲಡ್ಡು ಹಕ್ಕಿಗಾಗಿ ಅಭಯಾರಣ್ಯವಾದ ಈ ಬಯಲಲ್ಲಿ ತೋಳಗಳೂ ಇವೆ. ನಾಯಿಯ ಡಿಸ್ಟೆಂಪರ್, ನಾಯಿಯ ರೇಬೀಸ್ ಎರಡೂ ತೋಳಕ್ಕೆ ಹಾಯುತ್ತವೆ. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಸಿಂಹಗಳು ಸಾಲಾಗಿ ಸತ್ತಾಗ ಅವುಗಳಲ್ಲಿ ಪತ್ತೆಯಾದದ್ದು ಇದೇ ಡಿಸ್ಟೆಂಪರ್ ವೈರಸ್.

‘ಗಂಟಲದಾಗ ಎಲುಬು ಸಿಕ್ಕೈತಿ’

ಎಲ್ಲ ರೋಗಗಳನ್ನೂ ಒಂದು ತೂಕಕ್ಕಿಟ್ಟರೆ ರೇಬೀಸ್ ಇನ್ನೊಂದು ತೂಕ. ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯೂ ಉಳಿಯುವುದಿಲ್ಲ, ಕಚ್ಚಿಸಿಕೊಂಡ ಮನುಷ್ಯನೂ ಬಹುತೇಕ ಉಳಿಯುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2022-23ರಲ್ಲಿ ನಡೆಸಿದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 90 ಲಕ್ಷ ಮಂದಿಗೆ ಪ್ರಾಣಿ ಕಚ್ಚುತ್ತದೆ, ಅದರಲ್ಲಿ ಮುಕ್ಕಾಲು ಪಾಲು ನಾಯಿಯದೇ. ರೇಬೀಸ್‌ನಿಂದ ಸಾಯುವವರು ಸುಮಾರು 5,700.

ಹುಚ್ಚುನಾಯಿ ಎಂದರೆ ಊರ ತುಂಬ ಓಡಾಡಿ ಕಂಡವರನ್ನು ಕಚ್ಚುವ ನಾಯಿ ಎಂದೇ ನಮ್ಮ ಕಲ್ಪನೆ. ಆದರೆ ಈ ರೋಗಕ್ಕೆ ಇನ್ನೊಂದು ಸದ್ದಿಲ್ಲದ ಮುಖವಿದೆ. ನಾಯಿ ಕತ್ತಲ ಮೂಲೆ ಸೇರುತ್ತದೆ, ದವಡೆ ಜೋತು ಬೀಳುತ್ತದೆ, ಜೊಲ್ಲು ಸುರಿಯುತ್ತದೆ, ಬೊಗಳುವ ದನಿ ಒಡೆಯುತ್ತದೆ, ನೀರು ಗುಟುಕರಿಸಲು ಆಗುವುದಿಲ್ಲ. ಮನೆಯವರು ‘ಗಂಟಲದಾಗ ಎಲುಬು ಸಿಕ್ಕೈತಿ’ ಎಂದುಕೊಂಡು ಬಾಯೊಳಗೆ ಕೈ ಹಾಕುತ್ತಾರೆ. ಎಮ್ಮೆ, ಆಕಳಿಗೆ ರೇಬೀಸ್ ಬಂದಾಗಲೂ ಹೀಗೇ, ಮೇವು ಸಿಕ್ಕಿದೆ ಎಂದು ರೈತ ಗಂಟಲಿಗೆ ಕೈ ಇಳಿಸುತ್ತಾನೆ. ಆ ಜೊಲ್ಲಿನಲ್ಲಿಯೇ ವೈರಸ್ ಇರುತ್ತದೆ, ಕೈಯ ಮೇಲಿನ ಸಣ್ಣ ಗೀರು ಸಾಕು. ಇಂಥ ಲಕ್ಷಣ ಕಂಡಾಗ ಕೈ ಹಾಕದೆ, ದೂರದಿಂದ ಬಾಗಿಲು ಹಾಕಿ, ಮೊದಲು ಪಶುವೈದ್ಯರಿಗೆ ಫೋನ್ ಮಾಡಬೇಕು.

ಎರಡು ತಿಂಗಳ ಮರಿ ಕಚ್ಚಿದರೆ ಏನೂ ಆಗದು ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಬೀದಿಯಿಂದ ಎತ್ತಿ ತಂದ ಮರಿಯ ತಾಯಿಗೆ ಏನಾಗಿತ್ತು, ಅದಕ್ಕೆ ಮೊದಲೇ ಯಾವ ನಾಯಿ ಕಚ್ಚಿತ್ತು ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಮರಿಯ ಹಲ್ಲು ಸೂಜಿಯಂತೆ ಚೂಪು. ಮಕ್ಕಳು ಬೈಸಿಕೊಳ್ಳಬೇಕಾದೀತು ಎಂದು ಹೇಳುವುದೂ ಇಲ್ಲ.

ಹಳಬರ ಹಿಂಜರಿಕೆಗೆ ಬೇರೊಂದು ಕಾರಣವಿದೆ. ಹೊಟ್ಟೆಯ ಸುತ್ತ ಹದಿನಾಲ್ಕು ಸೂಜಿ! ಆ ಹಳೆಯ ಲಸಿಕೆ ಈಗ ಇಲ್ಲ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಅದನ್ನು ಭಾರತ 2005ರ ಹೊತ್ತಿಗೇ ನಿಲ್ಲಿಸಿತು. ಈಗಿನ ಲಸಿಕೆ ತೋಳಿಗೆ. ಚರ್ಮದ ಪದರಿಗೆ ಕೊಡುವ ಪದ್ಧತಿಯಲ್ಲಿ ಮೊದಲ ದಿನ, 3ನೇ ದಿನ, 7ನೇ ದಿನ, 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಒಂದು ಸೇರುತ್ತದೆ. ಹಲ್ಲು ಒಳಗಿಳಿದು ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲೊಬ್ಯುಲಿನ್ ಎಂಬ ಇನ್ನೊಂದು ಔಷಧವೂ ಬೇಕು. ಅದು ಎಲ್ಲ ಹಳ್ಳಿ ಆಸ್ಪತ್ರೆಗಳಲ್ಲಿ ಇರುವುದಿಲ್ಲ, ಸೊಲ್ಲಾಪುರದ ಸಿವಿಲ್ ಆಸ್ಪತ್ರೆಯಂಥ ದೊಡ್ಡ ಕಡೆಗೆ ಹೋಗಬೇಕಾಗಬಹುದು.

ಆದರೆ ಮೊದಲ ಚಿಕಿತ್ಸೆ ಮನೆಯ ನಳದ ಕೆಳಗೇ ಆಗಬೇಕು. ಹರಿಯುವ ನೀರು, ಸಾಬೂನು, ಗಡಿಯಾರ ನೋಡಿ 15 ನಿಮಿಷ. ಇದಕ್ಕೆ ಕಾಸು ಖರ್ಚಿಲ್ಲ. ಆದರೂ ಜನ ಮಾಡುವುದು ಖಾರಪುಡಿ ತುಂಬುವುದು, ಸುಣ್ಣ ಬಳಿಯುವುದು, ಬಟ್ಟೆ ಬಿಗಿಯುವುದು, ದೇವರ ಅಂಗಾರ ಹಚ್ಚುವುದು. ಅಂಗಾರ ಹಣೆಗೆ ಇರಲಿ, ಗಾಯಕ್ಕೆ ಸಾಬೂನೇ ಬೇಕು.

ಕಚ್ಚಿದ ನಾಯಿಯನ್ನು ಬಡಿದು ಕೊಲ್ಲುವುದು ಇನ್ನೊಂದು ರೂಢಿ. ಅದರಿಂದ ನಷ್ಟ ನಮಗೇ. ನಾಯಿ ಅಥವಾ ಬೆಕ್ಕನ್ನು ಕಟ್ಟಿಹಾಕಿ 10 ದಿನ ನೋಡಿದರೆ, ಕಚ್ಚಿದ ಹೊತ್ತಿಗೆ ಅದರ ಜೊಲ್ಲಿನಲ್ಲಿ ವೈರಸ್ ಇತ್ತೇ ಇಲ್ಲವೇ ತಿಳಿಯುತ್ತದೆ. ಇದ್ದಿದ್ದರೆ ಅಷ್ಟರಲ್ಲಿ ಅದು ಸಾಯುತ್ತದೆ. ಆದರೆ ಆ 10 ದಿನ ಮುಗಿಯಲಿ ಎಂದು ಮಗುವಿನ ಸೂಜಿ ತಡೆಯುವಂತಿಲ್ಲ, ಅದು ಅದೇ ದಿನ ಶುರುವಾಗಬೇಕು.

ನಾಯಿಗೆ ಲಸಿಕೆ ಹಾಕಿದರೆ ಮನುಷ್ಯ ಉಳಿಯುತ್ತಾನೆ ಎಂಬುದಕ್ಕೆ ದೂರದ ದೇಶದ ಉದಾಹರಣೆ ಬೇಕಿಲ್ಲ. ನೆರೆಯ ಗೋವಾದಲ್ಲಿ ಊರೂರಿನ ನಾಯಿಗಳಿಗೆ ಸಾಮೂಹಿಕ ಲಸಿಕೆ ಹಾಕಿದ ಮೇಲೆ 2018, 2019ರಲ್ಲಿ ರೇಬೀಸ್‌ನಿಂದ ಒಂದೂ ಮಾನವ ಸಾವು ದಾಖಲಾಗಲಿಲ್ಲ. ಮನೆಯ ನಾಯಿಗೆ ಮೂರು ತಿಂಗಳಿಗೆ ಮೊದಲ ಸೂಜಿ, ಆಮೇಲೆ ವರ್ಷಕ್ಕೊಮ್ಮೆ. ಬೆಕ್ಕಿಗೂ ಇದೇ ಲೆಕ್ಕ.

ಕಿಸೆಯಲ್ಲಿ ಲಸಿಕೆ

ಇಲ್ಲೊಂದು ಎಚ್ಚರಿಕೆ. ಹಳ್ಳಿಯ ದವಾಖಾನೆಯಲ್ಲಿ ಲಸಿಕೆ ಇಲ್ಲವೆಂದಾಗ ಪೇಟೆಯ ಔಷಧ ಅಂಗಡಿಯಲ್ಲಿ ಕೊಂಡು, ಅಂಗಿ ಕಿಸೆಯಲ್ಲಿಟ್ಟುಕೊಂಡು ಬಸ್ ಹತ್ತುವವರಿದ್ದಾರೆ. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಮೇ ತಿಂಗಳ ಸೊಲ್ಲಾಪುರದಲ್ಲಿ ಹೊರಗೆ 43-44 ಡಿಗ್ರಿ! ಊರು ಮುಟ್ಟುವಷ್ಟರಲ್ಲಿ ಬಾಟಲಿಯಲ್ಲಿ ಲಸಿಕೆಯ ಶಕ್ತಿ ಉಳಿದಿರುತ್ತದೆ ಎಂಬ ಭರವಸೆ ಇಲ್ಲ. ಸೂಜಿಯಂತೂ ಆಯಿತು, ಕಾರ್ಡಿನ ಮೇಲೆ ತಾರೀಖೂ ಬಿತ್ತು, ರಕ್ಷಣೆ ಮಾತ್ರ ಬರಲಿಲ್ಲ. ತರಲೇಬೇಕಾದರೆ ಅಗಲ ಬಾಯಿಯ ಥರ್ಮಾಸಿನಲ್ಲಿ ಬರ್ಫ ಹಾಕಿ, ಬಾಟಲಿಗೆ ಬರ್ಫ ನೇರ ತಾಗದಂತೆ ಬಟ್ಟೆ ಸುತ್ತಿ ತರಬೇಕು. ಅದಕ್ಕಿಂತ ನಾಯಿಯನ್ನೇ ಲಸಿಕೆಯ ಹತ್ತಿರ ಒಯ್ಯುವುದು ಲೇಸು.

ಅದೇ ಬಿಸಿಲು ನಾಯಿಗೂ ಹೊಡೆಯುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಮೂಗು ಚಪ್ಪಟೆಯಾದ ಪಗ್ಗಿಗೆ ಅದೂ ಕಷ್ಟ. ತಗಡಿನ ಮನೆಯಲ್ಲಿ ಮಧ್ಯಾಹ್ನ ಕಟ್ಟಿಹಾಕಿ ಹೋದರೆ ಸಂಜೆಗೆ ಉಳಿಯುವುದು ಅನುಮಾನ. ಮೈ ಕೆಂಡದಂತಾಗಿ ತೂರಾಡಿದರೆ ನೆರಳಿಗೆ ತಂದು, ಮೈ ಮೇಲೆ ಸಾದಾ ನೀರು ಸುರಿದು, ಗಾಳಿ ಬೀಸುತ್ತ ದವಾಖಾನೆಗೆ ಓಡಬೇಕು.

ಮಳೆಗಾಲ ಶುರುವಾದರೆ ಉಣ್ಣಿ. ನಾಯಿ ಊಟ ಬಿಟ್ಟು, ವಸಡು ಬಿಳಿಚಿ, ಮೂಗಿನಿಂದ ರಕ್ತ ಬಂದರೆ ಅದು ಉಣ್ಣಿಯಿಂದ ಬರುವ ಜ್ವರ ಇರಬಹುದು, ರಕ್ತ ತಪಾಸಣೆ ಬೇಕು. ಸೀಮೆಎಣ್ಣೆ ಹಚ್ಚುವುದು, ಹೊಲಕ್ಕೆ ಹೊಡೆಯುವ ಔಷಧದಿಂದ ಮೈ ತೊಳೆಯುವುದು ಮಾಡಿದರೆ ಉಣ್ಣಿಗಿಂತ ಮೊದಲು ನಾಯಿ ಸಾಯುತ್ತದೆ.

ಬೆಕ್ಕಿಗೆ ಕ್ರೋಸಿನ್ ಕೊಡಬೇಡಿ

ಬೆಕ್ಕಿಗೆ ಜ್ವರ ಬಂದಾಗ ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಗುಳಿಗೆಯ ಅರ್ಧ ಚೂರು ಹಾಲಿನಲ್ಲಿ ಹಾಕಿ ಕುಡಿಸುವವರು ಇದ್ದಾರೆ, ಮಾಡುವುದು ಪ್ರೀತಿಯಿಂದಲೇ. ಕ್ರೋಸಿನ್ ಇರಲಿ, ಬೇರೆ ಹೆಸರಿನದಿರಲಿ, ಬೆಕ್ಕಿನ ಪಿತ್ತಜನಕಾಂಗಕ್ಕೆ ಈ ಔಷಧ ಅರಗಿಸುವ ಶಕ್ತಿ ಇಲ್ಲ. ಒಂದೇ ಗುಳಿಗೆ ಜೀವ ತೆಗೆಯಬಲ್ಲದು. ಹಾಗೆಯೇ ನಾಯಿಯ ಉಣ್ಣಿಗೆ ಹಚ್ಚುವ ಪರ್ಮೆಥ್ರಿನ್ ಇರುವ ಔಷಧವೂ ಬೆಕ್ಕಿಗೆ ವಿಷ.

ನಾಯಿಗಳಲ್ಲಿಯೂ ಒಂದು ಜಾತಿಯ ಬಗ್ಗೆ ಡಾಕ್ಟರಿಗೆ ಮೊದಲೇ ಹೇಳುವುದು ಒಳ್ಳೆಯದು. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ಕನ್ನಡಿಗರು ಹೆಮ್ಮೆಯಿಂದ ಸಾಕುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಇದರ ಚೀಟಿ ಹೊರಡಿಸಿತು. ಮಹಾರಾಷ್ಟ್ರದಲ್ಲಿ ಇದೇ ನಾಯಿ ‘ಕಾರವಾನಿ’. ಮೈಯಲ್ಲಿ ಕೊಬ್ಬು ಅತಿ ಕಡಿಮೆ ಇರುವ ಇಂಥ ಬೇಟೆ ನಾಯಿಗಳು ಥಯೊಪೆಂಟೋನ್ ಎಂಬ ಹಳೆಯ ಅರಿವಳಿಕೆಯಿಂದ ಎಚ್ಚರಗೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ. ಎಲುಬು ಕಾಣುತ್ತವೆ ಎಂದು ‘ಸೊರಗೇತಿ’ ಅನ್ನಬೇಕಿಲ್ಲ, ಅದರ ಮೈಕಟ್ಟೇ ಹಾಗೆ.

ಕೊನೆಗೆ ಹೆಣ್ಣುಮರಿಯ ಮಾತು. ಗಂಡುಮರಿಯನ್ನು ಯಾರಾದರೂ ಒಯ್ಯುತ್ತಾರೆ, ಹೆಣ್ಣನ್ನು ಚೀಲದಲ್ಲಿ ಹಾಕಿ ಸಂತೆಯಲ್ಲೋ ಬಸ್ ನಿಲ್ದಾಣದಲ್ಲೋ ಬಿಟ್ಟು ಬರುತ್ತಾರೆ. ಅವೇ ಎರಡು ವರ್ಷದಲ್ಲಿ ಬೀದಿಯ ಹಿಂಡಾಗುತ್ತವೆ. ಬೀದಿನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆಯ ಹೊಣೆಯನ್ನು 2023ರ ನಿಯಮಗಳು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿವೆ. ಮನೆಯ ನಾಯಿಯ ಹೊಣೆ ಮಾಲೀಕರದು. ಆಪರೇಷನ್ ಮಾಡಿಸಿದ ಹೆಣ್ಣುನಾಯಿಗೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಜೀವಘಾತಕ ಬೇನೆಯೂ ತಪ್ಪುತ್ತದೆ.

ಲಸಿಕೆಯ ಕಾರ್ಡು ಬಹುತೇಕ ಇಂಗ್ಲಿಷಿನಲ್ಲಿರುತ್ತದೆ, ಟ್ರಂಕಿನ ತಳ ಸೇರಿದರೆ ಯಾರೂ ನೋಡುವುದಿಲ್ಲ. ಮುಂದಿನ ತಾರೀಖನ್ನು ಡಾಕ್ಟರಿಂದ ಕೇಳಿ, ಗೋಡೆಯ ಕಾಲನಿರ್ಣಯದಲ್ಲೋ ಸೊಲ್ಲಾಪುರದ್ದೇ ಆದ ದಾತೆ ಪಂಚಾಂಗದಲ್ಲೋ ಏಕಾದಶಿ, ಅಮಾವಾಸ್ಯೆಯ ಪಕ್ಕ ಕನ್ನಡದಲ್ಲಿ ‘ನಾಯಿ ಸೂಜಿ’ ಎಂದು ಬರೆದಿಟ್ಟರೆ ಮನೆಯ ಎಲ್ಲರ ಕಣ್ಣಿಗೂ ಬೀಳುತ್ತದೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆಸುಪಾಸಿನ ದಿನಗಳಲ್ಲಿ ಹಲವು ಕಡೆ ಉಚಿತ ಲಸಿಕೆ ಶಿಬಿರ ನಡೆಯುತ್ತವೆ. ಊರ ದವಾಖಾನೆಯಲ್ಲಿ ವಾರ ಮೊದಲೇ ವಿಚಾರಿಸಬಹುದು. ಹೋಗುವಾಗ ನಾಯಿಗೆ ಗಟ್ಟಿ ಹಗ್ಗ, ಬೆಕ್ಕಿಗೆ ಗಾಳಿಯಾಡುವ ಮುಚ್ಚಳದ ಬುಟ್ಟಿ, ಸಂಗಡ ಹಳೆಯ ಕಾರ್ಡು. ಬಿಸಿಲೇರುವ ಮುಂಚೆ, ಬೆಳಿಗ್ಗೆಯೇ ಹೋದರೆ ಪಾಳಿಯೂ ಬೇಗ ಬರುತ್ತದೆ.